ಸೈಕಲ್ ರೈಡ್‌ಗೆ ಮೂರು ವಾರ, ಎಡಗೈ ಮೇಲೆ ಹೋಗುತ್ತಿಲ್ಲ: ಭುಜದ ದೋಷ ಹುಡುಕುವ ದಾರಿ

ದೀಪಾವಳಿ ಹಿಂದೆ ಮುಂದೆ ದಾವಣಗೆರೆ ಸುತ್ತ ಯಾವ ಹಳ್ಳಿ ರಸ್ತೆಗೆ ಹೋದರೂ ಅರ್ಧ ರಸ್ತೆ ಮೆಕ್ಕೆಜೋಳದ್ದು. ಒಣಗಲು ಹರಡಿರುತ್ತಾರೆ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಉಳಿದರ್ಧದಲ್ಲಿ ಬಸ್ಸು, ಟ್ರ್ಯಾಕ್ಟರ್, ನಾವು. ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಆನಗೋಡು ಕಡೆಯಿಂದ ವಾಪಸ್ ಬರುವಾಗ, ಎದುರಿಗೆ ಬಂದ ಟ್ರ್ಯಾಕ್ಟರ್‌ಗೆ ದಾರಿ ಬಿಡಲು ಹೋಗಿ ಮುಂದಿನ ಚಕ್ರವನ್ನು ಕಾಳಿನ ಮೇಲೆ ಹತ್ತಿಸಿದೆ. 25 ಎಂ.ಎಂ. ಟೈರು, ಕೆಳಗೆ ಗುಂಡು ಕಾಳು. ಕೈ ಊರಲೂ ಹೊತ್ತಿರಲಿಲ್ಲ, ನೇರ ಎಡ ಭುಜದ ಮೇಲೆ ಬಿದ್ದೆ. ಕಾಳು ತಿರುವುತ್ತಿದ್ದ ಅಜ್ಜ ಓಡಿ ಬಂದು, "ಏನಾತಪ್ಪಾ, ಕೈ ಎತ್ತು ನೋಡನ" ಅಂದರು. ಎತ್ತಿದೆ. ಅರ್ಧಕ್ಕೆ ನಿಂತಿತು. "ಉಳುಕಿರಬೇಕು ಬಿಡಜ್ಜ" ಅಂತ ಹೇಳಿ ಒಂದೇ ಕೈಯಲ್ಲಿ ಸೈಕಲ್ ಹೊಡೆದುಕೊಂಡು ಮನೆಗೆ ಬಂದೆ.

ಆ ಅಜ್ಜ ಮಾಡಿಸಿದ್ದೇ ಸರಿಯಾದ ಪರೀಕ್ಷೆ ಅಂತ ಗೊತ್ತಾಗಲು ನನಗೆ ಐದು ವಾರ ಹಿಡಿಯಿತು.

ಬ್ರೆವೆ ಅನ್ನುವ 200 ಕಿ.ಮೀ. ದೂರದ ಸೈಕಲ್ ರೈಡ್‌ಗೆ ದುಡ್ಡು ಕಟ್ಟಿದ್ದೆ, ಮೂರು ವಾರ ಬಾಕಿ ಇತ್ತು. 13 ಗಂಟೆ 30 ನಿಮಿಷದ ಒಳಗೆ ಮುಗಿಸಬೇಕಾದ ರೈಡ್ ಅದು. ಆ ಮೂರು ವಾರ ನಾನು ನೋಡಿದ್ದು ಕ್ಯಾಲೆಂಡರ್, ಭುಜವನ್ನಲ್ಲ. ನಾನು ಡಾಕ್ಟರ್ ಅಲ್ಲ, ಮಂಡಿಪೇಟೆಯಲ್ಲಿ ಅಂಗಡಿ ಇಟ್ಟುಕೊಂಡವನು. ಮೂಳೆ ಡಾಕ್ಟರು ಮತ್ತು ಫಿಸಿಯೋ ಹತ್ತಿರ ಕೇಳಿ ಕೇಳಿ ಕಲಿತದ್ದನ್ನು, ನಾನು ನೋಡಬೇಕಿದ್ದ ಕ್ರಮದಲ್ಲಿ ಬರೆದಿದ್ದೇನೆ. ನೋವು ಎಷ್ಟಿದೆ ಅಂತ ಅಳೆಯುತ್ತಾ ಕೂರಬೇಡಿ, ಕೈ ಯಾವ ಕೆಲಸಕ್ಕೆ ಒಲ್ಲೆ ಅನ್ನುತ್ತದೆ ನೋಡಿ. ನೋವು ಮಾತ್ರೆಗೆ ಇಳಿಯುತ್ತದೆ, ಒಳಗೆ ಹರಿದದ್ದು ಇಳಿಯುವುದಿಲ್ಲ.

ಇವು ಇದ್ದರೆ ಓದುವುದು ಬಿಟ್ಟು ಹೊರಡಿ

ತಲೆಗೆ ಪೆಟ್ಟಾಗಿ ಒಂದು ಕ್ಷಣವಾದರೂ ಪ್ರಜ್ಞೆ ತಪ್ಪಿದೆ, ವಾಂತಿ ಆಗುತ್ತಿದೆ, ಹೇಗೆ ಬಿದ್ದೆ ಅನ್ನುವುದೇ ನೆನಪಿಲ್ಲ. ಕುತ್ತಿಗೆಯ ಹಿಂದೆ ನಡುಮೂಳೆ ಮೇಲೆ ನೋವಿದೆ. ಉಸಿರು ಎಳೆದರೆ ಚುಚ್ಚುತ್ತದೆ, ಉಸಿರು ಸಾಲುತ್ತಿಲ್ಲ. ಮೂಳೆ ಹೊರಗೆ ಬಂದಿದೆ, ಅಥವಾ ಒಳಗಿನಿಂದ ಚರ್ಮವನ್ನು ಗುಡಾರದ ಹಾಗೆ ಎತ್ತಿ ಹಿಡಿದಿದೆ. ಬೆರಳು ತಣ್ಣಗಾಗಿ ಬಿಳಿಚಿಕೊಂಡಿವೆ, ಕೈಗೆ ಸ್ಪರ್ಶವೇ ತಿಳಿಯುತ್ತಿಲ್ಲ. ಭುಜದ ದುಂಡು ಆಕಾರ ಹೋಗಿದೆ. ಇವುಗಳಲ್ಲಿ ಒಂದಿದ್ದರೂ ಮನೆ ಪರೀಕ್ಷೆ ಏನೂ ಬೇಡ, 108ಕ್ಕೆ ಫೋನ್ ಮಾಡಿ. ಕುತ್ತಿಗೆ ಅನುಮಾನ ಇದ್ದರೆ ಬಿದ್ದವರನ್ನು ಎಬ್ಬಿಸಿ ಕೂರಿಸಲು ಹೋಗಬೇಡಿ. ಸುತ್ತ ಸೇರಿದವರು "ನೀರು ಕುಡಿಸ್ರಿ, ಎಬ್ಸಿ ನಿಲ್ಸ್ರಿ" ಅಂತ ಗದ್ದಲ ಮಾಡಿಯೇ ಮಾಡುತ್ತಾರೆ, ಸ್ವಲ್ಪ ಗಟ್ಟಿಯಾಗಿ ಬೇಡ ಅನ್ನಿ.

ಭುಜದ ವೇಷದಲ್ಲಿ ಬರುವ ಬೇರೆ ಎರಡು ಕಾಯಿಲೆ ಇವೆ. ಹ್ಯಾಂಡಲ್ ಹೊಟ್ಟೆಗೆ ಬಡಿದು ಬಿದ್ದಿದ್ದೀರಿ, ಭುಜಕ್ಕೆ ಪೆಟ್ಟೇ ಆಗಿಲ್ಲ, ಆದರೂ ಎಡ ಭುಜದ ತುದಿ ನೋಯುತ್ತದೆ, ಮಲಗಿದರೆ ಇನ್ನೂ ಜಾಸ್ತಿ. ಇದು ಗುಲ್ಮ (ಸ್ಪ್ಲೀನ್, ಹೊಟ್ಟೆಯ ಎಡಭಾಗದ ಅಂಗ) ಒಡೆದು ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಗುರುತಾಗಿರಬಹುದು. ಇನ್ನೊಂದು, ಬಿದ್ದೇ ಇಲ್ಲ, ಏರು ಹತ್ತುವಾಗ ಎಡ ಭುಜ ಅಥವಾ ದವಡೆ ಹಿಡಿದಂತಾಗಿ ಎದೆ ಬಿಗಿದು ತಣ್ಣನೆ ಬೆವರು ಬರುತ್ತದೆ. ಅದು ಹೃದಯ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕೂರುವ ಹೊತ್ತಲ್ಲ.

ಮೊದಲು ಮನೆಯಲ್ಲೇ, ಕಾಸು ಖರ್ಚಿಲ್ಲದೆ

ಅಂಗಿ ಬಿಚ್ಚಿ ಕನ್ನಡಿ ಮುಂದೆ ನಿಲ್ಲಿ. ಬಿಗಿ ಜೆರ್ಸಿ ಆದರೆ ಕತ್ತರಿ ಹಾಕಿ, ಎಳೆದು ತೆಗೆಯಬೇಡಿ. ಎರಡೂ ಭುಜ ಒಂದೇ ಎತ್ತರದಲ್ಲಿವೆಯಾ? ಎಲ್ಲಾದರೂ ಗುಬುಟು ಎದ್ದಿದೆಯಾ? ಆಮೇಲೆ ಒಳ್ಳೆಯ ಕೈಯ ಒಂದೇ ಬೆರಳಿನಿಂದ, ಕತ್ತಿನ ಕೆಳಗಿನ ಗುಳಿಯಿಂದ ಶುರು ಮಾಡಿ ಕಾಲರ್ ಬೋನ್ ಮೇಲೆ ಭುಜದ ತುದಿವರೆಗೆ ಮೆಲ್ಲಗೆ ಒತ್ತುತ್ತಾ ಹೋಗಿ. ಎಲ್ಲಿ "ಅಯ್ಯೋ" ಅನ್ನಿಸುತ್ತದೋ ಆ ಜಾಗ ನೆನಪಿಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೂಳೆ ಮೇಲೆ ಅಂಥ ನೋವು, ಗುಬುಟು ಏನೂ ಇಲ್ಲದಿದ್ದರೆ ಮಾತ್ರ ಮುಂದಿನದು. ಕೈಯನ್ನು ತಾನಾಗಿ ಮುಂದಕ್ಕೆ ಎತ್ತಿ, ಪಕ್ಕಕ್ಕೆ ಎತ್ತಿ, ಬೆನ್ನ ಹಿಂದೆ ಒಯ್ಯಿರಿ. ಎಲ್ಲಿ ನಿಂತಿತು ನೋಡಿ. ಈಗ ಮನೆಯವರಿಗೆ ಹೇಳಿ ಅದೇ ಕೈಯನ್ನು ಅವರ ಕೈಯಿಂದ ನಿಧಾನಕ್ಕೆ ಎತ್ತಿಸಿ, ನೀವು ಸಡಿಲ ಬಿಡಿ. ನೀವು ಎತ್ತಿದರೆ ಹೋಗದ ಕೈ ಅವರು ಎತ್ತಿದರೆ ಹೋಗುತ್ತದೆ ಅಂದರೆ ಕೀಲು ಸರಿ ಇದೆ, ಎಳೆಯುವ ಸ್ನಾಯು ಅಥವಾ ಅದಕ್ಕೆ ಸುದ್ದಿ ಒಯ್ಯುವ ನರ ಕೆಲಸ ಮಾಡುತ್ತಿಲ್ಲ. ಯಾರು ಎತ್ತಿದರೂ ಹೋಗುವುದಿಲ್ಲ ಅಂದರೆ ಕೀಲೇ ಹಿಡಿದಿದೆ. ಬಾವಿಯ ಹಗ್ಗ ಹರಿದಿದೆಯೋ ರಾಟೆ ಹಿಡಿದಿದೆಯೋ ಅಂತ ನೋಡುವ ಹಾಗೆ.

ಈ ಹಂತದಲ್ಲಿ ಮಾಡಬೇಕಾದ್ದು ಇಷ್ಟೇ. ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ಎರಡು ಮೂರು ಗಂಟೆಗೊಮ್ಮೆ. ಬರಿ ಐಸ್ ಚರ್ಮಕ್ಕೆ ತಾಗಿಸಬೇಡಿ. ದುಪಟ್ಟಾ ಅಥವಾ ಟವೆಲ್‌ನಿಂದ ಕೈಗೆ ಜೋಳಿಗೆ ಕಟ್ಟಿ. ಉಂಗುರ, ಕೈಗಡಿಯಾರ ತೆಗೆದುಬಿಡಿ, ಕೈ ಬಾತ ಮೇಲೆ ಬಿಚ್ಚಲು ಆಗುವುದಿಲ್ಲ. ರಾತ್ರಿ ಒರಗಿ ಕೂತ ಹಾಗೆ ಮಲಗಿ, ಮೊಣಕೈ ಕೆಳಗೆ ದಿಂಬು ಇರಲಿ. ಮೊದಲ ಎರಡು ದಿನ ಬಿಸಿ ನೀರಿನ ಶಾಖ ಬೇಡ, ಎಣ್ಣೆ ಹಚ್ಚಿ ತಿಕ್ಕುವುದು ಬೇಡವೇ ಬೇಡ. ನಮ್ಮ ಮನೆಯಲ್ಲಿ ಬಿಸಿ ಕೊಬ್ಬರಿ ಎಣ್ಣೆ ಬಟ್ಟಲು ಆಗಲೇ ರೆಡಿ ಇತ್ತು. ಬೇಡ ಅಂದರೆ ಅಮ್ಮ ಎರಡು ದಿನ ಮಾತು ಬಿಟ್ಟರು.

ಕಾಲರ್ ಬೋನ್ ಮೇಲೆ ಗುಬುಟು, ಅಲ್ಲಾಡಿದರೆ ಕಟಕಟ

ಸೈಕಲ್‌ನಿಂದ ಬಿದ್ದವರಲ್ಲಿ ಜಾಸ್ತಿ ಮುರಿಯುವ ಮೂಳೆಗಳಲ್ಲಿ ಇದೂ ಒಂದು. ಹೆಚ್ಚಾಗಿ ನಡುಭಾಗದಲ್ಲೇ ಮುರಿಯುತ್ತದೆ. ನೋಡಿದ ತಕ್ಷಣ ಗೊತ್ತಾಗುತ್ತದೆ, ಬಿದ್ದವರು ಆ ಕೈಯನ್ನು ಇನ್ನೊಂದು ಕೈಯಿಂದ ಮಗುವಿನ ಹಾಗೆ ಎತ್ತಿ ಹಿಡಿದುಕೊಂಡಿರುತ್ತಾರೆ. ಜೋಳಿಗೆ ಕಟ್ಟಿ ಅದೇ ದಿನ ಎಕ್ಸ್‌ರೇ ತೆಗೆಸಿ. ತುದಿಗಳು ಜಾಸ್ತಿ ದೂರ ಸರಿಯದಿದ್ದರೆ ಜೋಳಿಗೆಯಲ್ಲೇ ಕೂಡಿಕೊಳ್ಳುತ್ತದೆ. ತುಂಬಾ ಸರಿದಿದ್ದರೆ, ಒಂದರ ಮೇಲೊಂದು ಏರಿದ್ದರೆ ಪ್ಲೇಟ್ ಹಾಕುವ ಮಾತು ಬರುತ್ತದೆ. ದೊಡ್ಡವರಿಗೆ ಮೂಳೆ ಕೂಡಲು ಸಾಮಾನ್ಯವಾಗಿ 6ರಿಂದ 12 ವಾರ. ಮೂರು ವಾರದ ರೈಡ್ ಬಿಡಿ, ಆ ಲೆಕ್ಕವೇ ಬೇಡ.

ಭುಜದ ತುದಿಯಲ್ಲಿ ಮೆಟ್ಟಿಲು

ಕಾಲರ್ ಬೋನ್ ಭುಜಕ್ಕೆ ಸೇರುವ ತುದಿಯಲ್ಲಿ ಒತ್ತಿದರೆ ಜೀವ ಹೋದ ಹಾಗೆ ನೋವು, ನೆಟ್ಟಗೆ ನಿಂತರೆ ಅಲ್ಲಿ ಸಣ್ಣ ಮೆಟ್ಟಿಲಿನಂಥ ಉಬ್ಬು. ಕೈಯನ್ನು ಎದೆ ಅಡ್ಡ ಹಾಯಿಸಿ ಇನ್ನೊಂದು ಹೆಗಲು ಮುಟ್ಟಲು ಹೋದರೆ ಅದೇ ಜಾಗ ಚುರ್ ಅನ್ನುತ್ತದೆ. ಆ ಎರಡು ಮೂಳೆಯನ್ನು ಹಿಡಿದಿರುವ ಪಟ್ಟಿಗಳು ಎಳೆದಿವೆ ಅಥವಾ ಹರಿದಿವೆ. ಉಬ್ಬು ಇಲ್ಲದೆ ಬರಿ ನೋವಿದ್ದರೆ ಸಣ್ಣದು, ಜೋಳಿಗೆ, ಐಸ್, ಆಮೇಲೆ ವ್ಯಾಯಾಮ. ಕೆಲವೇ ವಾರದಲ್ಲಿ ಸೈಕಲ್ ಮೇಲೆ ಕೂರುವವರಿದ್ದಾರೆ. ಉಬ್ಬು ಎದ್ದು ಕಾಣುತ್ತಿದ್ದರೆ ಮೂಳೆ ಡಾಕ್ಟರೇ ನೋಡಬೇಕು. ಎಕ್ಸ್‌ರೇ ತೆಗೆಸುವಾಗ ಎರಡೂ ಭುಜದ್ದು ಬೇಕಾ ಅಂತ ಕೇಳಿ, ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟು ಸರಿದಿದೆ ಅನ್ನುವುದು ತಿಳಿಯುತ್ತದೆ. ಉಬ್ಬು ಮುಂದೆಯೂ ಉಳಿಯಬಹುದು, ಅದರಿಂದ ಕೆಲಸಕ್ಕೆ ತೊಂದರೆ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ದುಂಡು ಹೋಗಿ ಚೌಕ ಆಗಿದೆ, ಕೈ ಅಲ್ಲಾಡಿಸಲು ಬಿಡುವುದಿಲ್ಲ

ಕೀಲು ಜಾರಿದೆ. ಬಹುಪಾಲು ಮುಂದಕ್ಕೇ ಜಾರುತ್ತದೆ. ಸಿನಿಮಾದಲ್ಲಿ ಹೀರೋ ಗೋಡೆಗೆ ಗುದ್ದಿ ಕೂರಿಸಿಕೊಳ್ಳುತ್ತಾನಲ್ಲ, ಅದು ಸಿನಿಮಾದಲ್ಲೇ ಇರಲಿ. ಜೊತೆಗೆ ಮೂಳೆಯೂ ಮುರಿದಿದ್ದರೆ ಎಳೆಯುವವರು ನರ, ರಕ್ತನಾಳ ಎರಡನ್ನೂ ಕೆಡಿಸುತ್ತಾರೆ. ಕೈ ಯಾವ ಭಂಗಿಯಲ್ಲಿದೆಯೋ ಹಾಗೇ ದಿಂಬಿನ ಆಸರೆ ಕೊಟ್ಟು ಕರೆದೊಯ್ಯಿರಿ. ಭುಜದ ಹೊರಮೈ ಮೇಲೆ, ಪೊಲೀಸರ ತೋಳಿನ ಪಟ್ಟಿ ಇರುವ ಜಾಗದಲ್ಲಿ ಮುಟ್ಟಿ ನೋಡಿ, ಅಲ್ಲಿ ಜೋಮು ಹಿಡಿದಿದ್ದರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ. ದಾರಿಯಲ್ಲಿ ಚಹಾ, ದೋಸೆ ಏನೂ ಬೇಡ. ಮಂಪರು ಕೊಟ್ಟು ಕೂರಿಸಬೇಕಾಗಬಹುದು, ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ಬೆಣ್ಣೆ ದೋಸೆ ಊರಲ್ಲಿ ಭಾನುವಾರ ಬೆಳಿಗ್ಗೆ ಇದು ಕಷ್ಟದ ಮಾತು, ಗೊತ್ತು. ಹುಡುಗರಾದರೆ ಇನ್ನೊಂದು ಎಚ್ಚರ, 20ರ ಒಳಗೆ ಒಮ್ಮೆ ಜಾರಿದ ಕೀಲು ಮತ್ತೆ ಜಾರುವ ಸಂಭವ ಬಹಳ ಜಾಸ್ತಿ.

ಎಕ್ಸ್‌ರೇ ಸರಿ ಇದೆ, ಆದರೂ ಕೈ ಮೇಲೆ ಹೋಗುತ್ತಿಲ್ಲ

ಇದು ನನ್ನ ಕಥೆ. ಸೋಮವಾರ ಒಂದು ಕ್ಲಿನಿಕ್‌ಗೆ ಹೋದೆ. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, "ಮೂಳೆ ಏನೂ ಆಗಿಲ್ಲ, ವಾರ ರೆಸ್ಟ್ ಮಾಡಿ" ಅಂತ ಒಂದು ಸೂಜಿ, ಐದು ದಿನದ ಮಾತ್ರೆ ಕೊಟ್ಟರು. ಕೈ ಎತ್ತಿಸಿ ನೋಡಲಿಲ್ಲ, ನಾನೂ ಹೇಳಲಿಲ್ಲ. ಮೂಳೆ ಸರಿ ಇದೆ ಅನ್ನುವುದು ನನ್ನ ಕಿವಿಗೆ ರೈಡ್ ಮಾಡಬಹುದು ಅಂತ ಕೇಳಿಸಿತ್ತು. ಮಾತ್ರೆ ನುಂಗಿ ಕುಂದುವಾಡ ಕೆರೆ ಸುತ್ತ 20 ಕಿ.ಮೀ. ಹೊಡೆದೂ ನೋಡಿದೆ. ಹ್ಯಾಂಡಲ್ ಮೇಲೆ ಕೈ ಇಟ್ಟರೆ ನೋವೇ ಇಲ್ಲ! ಸೈಕಲ್ ಮೇಲೆ ಕೈ ಕೆಳಗೇ ಇರುತ್ತದೆ, ಎತ್ತುವ ಕೆಲಸವೇ ಇಲ್ಲ, ಅದಕ್ಕೇ ಮೋಸ ಹೋಗುತ್ತೇವೆ.

ಸಿಕ್ಕಿಬಿದ್ದದ್ದು ಅಂಗಡಿ ಶಟರ್ ಮುಂದೆ. ಕೆಳಗಿನ ಹಿಡಿ ಹಿಡಿದು ಸೊಂಟದವರೆಗೆ ಎತ್ತಿದೆ, ಹೆಗಲ ಮಟ್ಟ ಬಂದಾಗ ಎಡಗೈ ತಾನಾಗೇ ಜಾರಿ ಕೆಳಗೆ ಬಿತ್ತು, ಶಟರ್ ಬಲಗೈ ಮೇಲೆ ಓರೆಯಾಗಿ ನಿಂತಿತು. ನೋವಿನಿಂದ ಬಿಟ್ಟದ್ದಲ್ಲ. ಶಕ್ತಿಯೇ ಇರಲಿಲ್ಲ. ಪಕ್ಕದ ಅಂಗಡಿಯವರ ಮಗಳು ಫಿಸಿಯೋ, ನೋಡುತ್ತಾ ನಿಂತಿದ್ದಳು. "ಅಂಕಲ್, ಇದು ಉಳುಕಲ್ಲ" ಅಂದಳು.

ಭುಜದ ಗುಂಡನ್ನು ನಾಲ್ಕು ಸ್ನಾಯುಗಳು ಟೋಪಿಯ ಹಾಗೆ ಹಿಡಿದಿರುತ್ತವೆ, ರೊಟೇಟರ್ ಕಫ್ ಅನ್ನುತ್ತಾರೆ. ಬಿದ್ದಾಗ ಅದು ಹರಿಯಬಹುದು, 40 ದಾಟಿದವರಲ್ಲಿ ಜಾಸ್ತಿ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಇದರ ಗುರುತು ಇವು. ಕೈ ಪಕ್ಕಕ್ಕೆ ಎತ್ತುವಾಗ ನಡುವಿನಲ್ಲಿ, ಸುಮಾರು 60ರಿಂದ 120 ಡಿಗ್ರಿ ನಡುವೆ, ಚುಚ್ಚಿ ಮೇಲೆ ಹೋದಾಗ ಕಡಿಮೆ ಆಗುತ್ತದೆ. ಆ ಮಗ್ಗುಲಿಗೆ ಮಲಗಿದರೆ ರಾತ್ರಿ ಎಚ್ಚರ ಆಗುತ್ತದೆ. ಎರಡೂ ಕೈ ಮುಂದೆ ಚಾಚಿ, ಲೋಟದ ನೀರು ಚೆಲ್ಲುವ ಹಾಗೆ ಹೆಬ್ಬೆರಳು ಕೆಳಗೆ ಮಾಡಿ, ಯಾರಾದರೂ ಮೇಲಿನಿಂದ ಮೆಲ್ಲಗೆ ಒತ್ತಿದರೆ ಪೆಟ್ಟಾದ ಕೈ ಕುಸಿಯುತ್ತದೆ. ಬರಿ ನೋವಿದ್ದು ಶಕ್ತಿ ಇದ್ದರೆ ಊತ ಅಥವಾ ಸಣ್ಣ ಹರಕು ಇರಬಹುದು, ಒಂದೆರಡು ವಾರ ಫಿಸಿಯೋ ಹತ್ತಿರ ನೋಡಬಹುದು. ಶಕ್ತಿಯೇ ಇಲ್ಲದಿದ್ದರೆ ಕಾಯಬೇಡಿ. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಅಗ್ಗ, ಭುಜ ನೋಡಿ ಅಭ್ಯಾಸ ಇರುವವರು ಮಾಡಿದರೆ ಸಾಕಷ್ಟು ಹೇಳುತ್ತದೆ. ಆಪರೇಷನ್ ಮಾತು ಬಂದರೆ ಎಂ.ಆರ್.ಐ. ಮಾಡಿಸುತ್ತಾರೆ. ಪೂರ್ತಿ ಹರಿದದ್ದನ್ನು ತಿಂಗಳುಗಟ್ಟಲೆ ಬಿಟ್ಟರೆ ಸ್ನಾಯು ಸೊರಗಿ ಹಿಂದಕ್ಕೆ ಸರಿಯುತ್ತದೆ, ಅದರಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ಆಮೇಲೆ ಎಳೆದು ಹೊಲಿಯುವುದೇ ಕಷ್ಟ. ನನ್ನದು ಅರ್ಧ ಹರಿದಿತ್ತು. ಕತ್ತರಿ ಹಾಕಿಸಿಕೊಳ್ಳದೆ, ನಾಲ್ಕು ತಿಂಗಳು ರಬ್ಬರ್ ಪಟ್ಟಿ ಎಳೆದು ಎಳೆದು ಸರಿ ಹೋಯಿತು. ಐದು ವಾರ ಸುಮ್ನೆ ಕಳೆದದ್ದು ಬೇರೆ.

ಬಿದ್ದು ತಿಂಗಳಾಯಿತು, ಕಡಿಮೆ ಆಗುವ ಬದಲು ಬಿಗಿ ಆಗುತ್ತಿದೆ

ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಮುಂಗೈಯನ್ನು ಹೊರಗೆ ತಿರುಗಿಸಿ. ಬೇರೆಯವರು ತಿರುಗಿಸಿದರೂ ಹೋಗುತ್ತಿಲ್ಲ ಅಂದರೆ ಭುಜ ಹೆಪ್ಪುಗಟ್ಟುತ್ತಿದೆ, ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆ ಇರುವವರಿಗೆ ಜಾಸ್ತಿ ಬರುತ್ತದೆ, ಹಾಗಾಗಿ ಒಂದು ಶುಗರ್ ಟೆಸ್ಟ್ ಮಾಡಿಸಿ. ಜೋಳಿಗೆಯಲ್ಲಿ ಅಗತ್ಯಕ್ಕಿಂತ ಜಾಸ್ತಿ ದಿನ ಕೈ ಇಟ್ಟರೂ ಕೀಲು ಬಿಗಿಯುತ್ತದೆ. ಬಿದ್ದ ದಿನವೇ ಮುಂಗೈ ಹೊರಗೆ ತಿರುಗದಿದ್ದರೆ ಅದು ಬೇರೆ ವಿಷಯ, ಕೀಲು ಹಿಂದಕ್ಕೆ ಜಾರಿರಬಹುದು. ಎದುರಿನ ಎಕ್ಸ್‌ರೇ ಒಂದರಲ್ಲೇ ಅದು ತಪ್ಪಿಹೋಗುತ್ತದೆ, ಪಕ್ಕದಿಂದಲೂ ಒಂದು ತೆಗೆಯಲು ಕೇಳಿ.

ಬಿದ್ದೇ ಇಲ್ಲ, 40 ಕಿ.ಮೀ. ಆದ ಮೇಲೆ ಹೆಗಲು ಉರಿಯುತ್ತದೆ

ಇಲ್ಲಿ ಮೊದಲು ಸೈಕಲ್ ರಿಪೇರಿ, ಆಮೇಲೆ ಭುಜ. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈಭಾರವೆಲ್ಲ ಕೈಗೆ ಬರುತ್ತದೆ. ಫೋನ್‌ನಲ್ಲಿರುವ ಮಟ್ಟಗೋಲು ಇಟ್ಟು ನೋಡಿ, ಸಮ ಮಾಡಿ. ಇದಕ್ಕೆ ಒಂದು ಅಲೆನ್ ಕೀ ಸಾಕು. ಮೊಣಕೈ ಬಿಗಿ ಹಿಡಿದು ನೆಟ್ಟಗೆ ಚಾಚಿದ್ದೀರಾ? ಸ್ವಲ್ಪ ಮಡಚಿ, ರಸ್ತೆಯ ಪೆಟ್ಟು ಮೊಣಕೈಯಲ್ಲೇ ನಿಲ್ಲಲಿ. ಹ್ಯಾಂಡಲ್ ದೂರ ಅನ್ನಿಸಿದರೆ 10ರಿಂದ 20 ಎಂ.ಎಂ. ಚಿಕ್ಕ ಸ್ಟೆಮ್ (ಹ್ಯಾಂಡಲನ್ನು ಸೈಕಲ್‌ಗೆ ಹಿಡಿದಿಡುವ ಕೊಂಡಿ) ಹಾಕಿಸಿ. ಹ್ಯಾಂಡಲ್ ಹೆಗಲಿಗಿಂತ ತುಂಬಾ ಅಗಲ ಇದ್ದರೂ ಇದೇ ತೊಂದರೆ. ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬಬೇಡಿ. ಚಿತ್ರದುರ್ಗದ ಕಡೆ ಎದುರುಗಾಳಿಯಲ್ಲಿ ಹೋಗುವಾಗ ಗೊತ್ತಿಲ್ಲದೆ ಹೆಗಲನ್ನು ಕಿವಿವರೆಗೆ ಏರಿಸಿಕೊಂಡಿರುತ್ತೇವೆ. ಭರಮಸಾಗರ ಬರುವಷ್ಟರಲ್ಲಿ ಕತ್ತು ಕಲ್ಲಾಗಿರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಹೆಗಲು ಇಳಿಸಿ, ಹಿಡಿತ ಬದಲಿಸಿ.

ಇದೆಲ್ಲ ಮಾಡಿದರೂ ನೋವು ಕುತ್ತಿಗೆಯಿಂದ ಹೊರಟು ತೋಳಿನಲ್ಲಿ ಇಳಿದು ಹೆಬ್ಬೆರಳಿನವರೆಗೆ ಜುಮ್ ಅನ್ನುತ್ತಿದ್ದರೆ ದೋಷ ಭುಜದ್ದಲ್ಲ, ಕುತ್ತಿಗೆಯ ನರದ್ದು. ಕತ್ತು ತಿರುಗಿಸಿದಾಗ ಜಾಸ್ತಿ ಆದರೆ ಇನ್ನೂ ಖಾತ್ರಿ. ಕಿರುಬೆರಳು, ಉಂಗುರದ ಬೆರಳು ಮಾತ್ರ ಜೋಮು ಹಿಡಿದರೆ ಅಂಗೈ ಮೇಲಿನ ಭಾರ ಕಾರಣ ಇರಬಹುದು, ಗ್ಲೌಸ್ ಮತ್ತು ಹಿಡಿತ ನೋಡಿ. ಕೈಯಿಂದ ವಸ್ತು ಜಾರಿ ಬೀಳಲು ಶುರುವಾದರೆ ಡಾಕ್ಟರ್ ಹತ್ತಿರ ಹೋಗಿ.

ಯಾರ ಹತ್ತಿರ ಹೋಗುವುದು, ಏನು ಹೇಳುವುದು

ಪೆಟ್ಟಾದ ದಿನ ಎಕ್ಸ್‌ರೇ ಬೇಕು ಅಂದರೆ ಇಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಅತ್ತ ಚಿತ್ರದುರ್ಗದಲ್ಲೂ ಜಿಲ್ಲಾಸ್ಪತ್ರೆ ಇದೆ. ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಜೇಬಲ್ಲಿರಲಿ. ಒಳಗೆ ಹೋದ ಮೇಲೆ "ಭುಜ ನೋವು ಸಾರ್" ಅಂತ ಮಾತ್ರ ಹೇಳಬೇಡಿ. ಹೇಗೆ ಬಿದ್ದೆ, ಭುಜದ ಮೇಲೋ ಚಾಚಿದ ಕೈ ಮೇಲೋ, ಯಾವ ಕೆಲಸ ಆಗುತ್ತಿಲ್ಲ, ಜೋಮು ಇದೆಯಾ, ಇಷ್ಟನ್ನು ಹೇಳಿ. ರೈಡ್ ಯಾವ ತಾರೀಕು ಅನ್ನುವುದನ್ನು ಕೊನೆಗೆ ಹೇಳಿ.

ನಾಟಿ ಕಟ್ಟು ಹಾಕಿಸುವ ಬಗ್ಗೆ ಜಗಳಕ್ಕೆ ಬರುವವರಿದ್ದಾರೆ, ನಮ್ಮ ದೊಡ್ಡಪ್ಪನೇ ಮೊದಲಿಗರು. ನನ್ನ ಅಭಿಪ್ರಾಯ ಇಷ್ಟೇ: ಎಕ್ಸ್‌ರೇ ನೋಡದೆ ಯಾರಿಗೂ ಎಳೆಯಲು, ತಿರುಚಲು ಕೊಡಬೇಡಿ. ಕಟ್ಟು ಯಾರೇ ಹಾಕಿರಲಿ, ಬೆರಳು ನೀಲಿಯಾದರೆ, ತಣ್ಣಗಾದರೆ, ನೋವು ಏರುತ್ತಲೇ ಹೋದರೆ ಆ ಗಳಿಗೆಯೇ ಬಿಚ್ಚಿಸಿ ಆಸ್ಪತ್ರೆಗೆ ಓಡಿ. ಬೆಳಗಾಗಲಿ ಅನ್ನಬೇಡಿ.

ಮಾತ್ರೆ ನುಂಗಿ ರೈಡ್ ಮಾಡುವುದು ಇನ್ನೊಂದು ಚಟ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದವನ್ನು ತೆಗೆದುಕೊಂಡು ಬಿಸಿಲಲ್ಲಿ ನೀರಿಲ್ಲದೆ ಗಂಟೆಗಟ್ಟಲೆ ತುಳಿದರೆ ಕಿಡ್ನಿಗೆ ಪೆಟ್ಟು. ಹುಣ್ಣು, ಬಿ.ಪಿ., ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ರೈಡ್ ಹಿಂದಿನ ದಿನ ಭುಜಕ್ಕೆ ಸ್ಟೀರಾಯ್ಡ್ ಸೂಜಿ ಹಾಕಿಸಿಕೊಳ್ಳುವ ಐಡಿಯಾ ಕೊಡುವ ಗೆಳೆಯರೂ ಇರುತ್ತಾರೆ. ಅದು ನೋವು ಮುಚ್ಚುತ್ತದೆ, ಹರಕು ಮುಚ್ಚುವುದಿಲ್ಲ, ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಶುಗರ್ ಏರಿಸುತ್ತದೆ.

ಹಾಗಾದರೆ ರೈಡ್‌ಗೆ ಹೋಗಬಹುದಾ?

ಮೂಳೆ ಮುರಿದವರು, ಕೀಲು ಜಾರಿದವರು ಡಾಕ್ಟರ್ ಹೂಂ ಅನ್ನುವವರೆಗೆ ಇದನ್ನು ಓದಬೇಡಿ. ಉಳಿದವರು ಮಾತ್ರೆ ನುಂಗದ ದಿನ ಇಷ್ಟು ಮಾಡಿ ನೋಡಿ. ಗೋಡೆಗೆ ಕೈ ಕೊಟ್ಟು ಹತ್ತು ದಂಡ. ಆಮೇಲೆ ನೆಲದ ಮೇಲೆ ಅಂಬೆಗಾಲಿಟ್ಟು ಪೆಟ್ಟಾದ ಕೈ ಮೇಲೆ ಭಾರ ಹಾಕಿ ಒಂದು ನಿಮಿಷ. ಖಾಲಿ ಮೈದಾನದಲ್ಲಿ ನಿಧಾನಕ್ಕೆ ಹೋಗುತ್ತಾ ಎರಡೂ ಬ್ರೇಕ್ ಗಟ್ಟಿ ಹಿಡಿಯಿರಿ. ಒಂದೇ ಕೈಯಲ್ಲಿ ಬಾಟಲ್ ತೆಗೆದು ಕುಡಿದು ವಾಪಸ್ ಇಡಿ, ಎರಡೂ ಕೈಯಲ್ಲಿ ಒಂದೊಂದು ಸಲ. ಹಿಂದೆ ಲಾರಿ ಬಂತಾ ಅಂತ ಎರಡೂ ಕಡೆ ತಿರುಗಿ ನೋಡಿ. ಬ್ರೇಕ್ ಹಿಡಿಯುವಾಗ ಕೈ ಹಿಂಜರಿದರೆ ಅಲ್ಲಿಗೆ ಬಿಟ್ಟುಬಿಡಿ, ಹೈವೇಯಲ್ಲಿ ನಿಮ್ಮ ಹಿಂದೆ ಬರುವವನಿಗೆ ನಿಮ್ಮ ಭುಜದ ವಿಷಯ ಗೊತ್ತಿರುವುದಿಲ್ಲ. ಎಲ್ಲ ಆದರೂ ಒಮ್ಮೆ 60, 70 ಕಿ.ಮೀ. ಹೊಡೆದು ಮಾರನೇ ದಿನ ಬೆಳಿಗ್ಗೆ ಹೇಗಿದೆ ನೋಡಿ. ಆ ರಾತ್ರಿ ನೋವಿಗೆ ಎಚ್ಚರವಾದರೆ 200 ಬೇಡ.

ಕಾಲಿನ ಶಕ್ತಿ ಹೋಗುತ್ತದೆ ಅಂತ ಹೆದರಿಕೆ ಇದ್ದರೆ, ಡಾಕ್ಟರ್ ಒಪ್ಪಿದರೆ, ಮನೆಯಲ್ಲಿ ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ನೆಟ್ಟಗೆ ಕೂತು ತುಳಿಯಬಹುದು, ಕೈ ಜೋಳಿಗೆಯಲ್ಲೇ ಇರಲಿ. ನಾನು ಆ ವರ್ಷ ಹೋಗಲಿಲ್ಲ. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಮುಂದಿನ ವರ್ಷ ಮುಗಿಸಿದೆ, ಕೊನೆಯ 30 ಕಿ.ಮೀ.ಯಲ್ಲಿ ನೋವು ಬಂದದ್ದು ಮಂಡಿಗೆ.

ಕೊನೆಗೆ ಹೆಲ್ಮೆಟ್

ಎಲ್ಲರೂ ಹ್ಯಾಂಡಲ್ ಸೊಟ್ಟ ಆಗಿದೆಯಾ, ಗೇರ್ ಕೊಂಡಿ ಬಾಗಿದೆಯಾ ಅಂತ ನೋಡುತ್ತಾರೆ, ಹೆಲ್ಮೆಟ್ ನೋಡುವುದಿಲ್ಲ. ಒಳಗಿನ ಪ್ಯಾಡ್ ಕಿತ್ತು ಥರ್ಮೋಕೋಲ್ ಮೇಲೆ ಬೆಳಕು ಬಿಟ್ಟು ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ, ಒಂದು ಕಡೆ ಅಮುಕಿದ್ದರೂ ಅದರ ಕೆಲಸ ಮುಗಿಯಿತು, ಹೊಸದು ತನ್ನಿ. ನನ್ನದರಲ್ಲಿ ಎಡ ಕಿವಿಯ ಹಿಂದೆ ಎರಡು ಬೆರಳುದ್ದ ಬಿರುಕಿತ್ತು. ತಲೆ ನೆಲಕ್ಕೆ ಬಡಿದದ್ದೇ ನನಗೆ ಗೊತ್ತಿರಲಿಲ್ಲ. ಅದರಲ್ಲಿ ಈಗ ನಮ್ಮ ಮನೆಯವಳು ಬೆಳ್ಳುಳ್ಳಿ ಇಟ್ಟಿದ್ದಾಳೆ, ಗಾಳಿ ಚೆನ್ನಾಗಿ ಆಡುತ್ತದಂತೆ.